ಮಡಚಿಟ್ಟ ಛತ್ರಿಯನ್ನು ಮತ್ತೆ ಬಿಚ್ಚಿದವರು

ಪ್ರಯಾಣ ದಾಖಲೆಗಳ ಮಾಹಿತಿ ಎಂಬುದೂ ಒಂದು ಕ್ಷೇತ್ರವೇ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಸಂಗೀತಕ್ಕೆ ಸಭೆಗಳಿವೆ, ಸಾಹಿತ್ಯಕ್ಕೆ ವೇದಿಕೆಗಳಿವೆ, ಔಷಧಕ್ಕೆ ಸಂಶೋಧನಾಲಯಗಳಿವೆ. ಪಾಸ್‌ಪೋರ್ಟಿನ ಅವಧಿ ಇನ್ನೆಷ್ಟು ಉಳಿದಿರಬೇಕು, ನಡುವಿನ ದೇಶದಲ್ಲಿ ವಿಮಾನ ಬದಲಿಸುವವರಿಗೆ ಆ ದೇಶದ ವೀಸಾ ಬೇಕೇ ಬೇಡವೇ, ತಾಯಿಯೊಬ್ಬಳೇ ಮಗುವನ್ನು ಕರೆದೊಯ್ಯುವಾಗ ತಂದೆಯ ಒಪ್ಪಿಗೆಪತ್ರದ ಮೇಲೆ ಯಾರ ಮುದ್ರೆ ಇರಬೇಕು ಎಂಬುದನ್ನು ತಪ್ಪಿಲ್ಲದೆ ಹೇಳುವ ಕೆಲಸಕ್ಕೆ ಸಭೆಯೂ ಇಲ್ಲ, ವೇದಿಕೆಯೂ ಇಲ್ಲ, ಪ್ರಶಸ್ತಿಯಂತೂ ಇಲ್ಲವೇ ಇಲ್ಲ. ಆದರೆ ಗಡಿ ದಾಟುವ ಪ್ರತಿಯೊಬ್ಬರೂ ಯಾರೋ ಕಾಣದವರು ಬರೆದಿಟ್ಟ ಇಂಥದೊಂದು ಸಾಲನ್ನು ನಂಬಿಯೇ ಮನೆಗೆ ಬೀಗ ಹಾಕಿ ಹೊರಡುತ್ತಾರೆ. ಆ ಸಾಲಿಗೆ ತಮ್ಮನ್ನೇ ಜಾಮೀನು ಕೊಟ್ಟುಕೊಂಡು ಕೆಲಸ ಮಾಡಿದವರನ್ನು ನಾನು ಕಂಡಿರುವುದು ಒಬ್ಬರನ್ನೇ. ಅವರೇ, ನಮ್ಮ ಪ್ರಯಾಣಿಕರ ನೆರವು ಕೇಂದ್ರದ ಮಾಹಿತಿ ವಿಭಾಗವನ್ನು ಕಟ್ಟಿ, ಬೆಳೆಸಿ, ಕೊನೆಗೆ ಅದೇ ವಿಭಾಗದಿಂದ ಎತ್ತಂಗಡಿಯಾಗಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ. ಅವರ ಬೆನ್ನ ಹಿಂದೆ ಇಡೀ ಕಚೇರಿ ಕರೆಯುತ್ತಿದ್ದ ಹೆಸರು ಫೋನಮ್ಮ. ಮುಖದೆದುರು ಕರೆದವರೂ ಉಂಟು. ಅವರು ನಕ್ಕು ಓಗೊಡುತ್ತಿದ್ದರು.

ಎತ್ತಂಗಡಿ ಎಂಬ ಪದವನ್ನು ಅಭಿನಂದನ ಗ್ರಂಥದಲ್ಲಿ ಬಳಸಬಾರದಂತೆ. ಸಂಪಾದಕ ಸಮಿತಿಯವರು ನನ್ನ ಕರಡಿನಲ್ಲಿ ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, 'ಇನ್ನೂ ಸೌಮ್ಯವಾದ ಪದ?' ಎಂದು ಅಂಚಿನಲ್ಲಿ ಬರೆದು ವಾಪಸು ಕಳಿಸಿದ್ದರು. ಸೌಮ್ಯವಾದ ಪದ ಈ ಗ್ರಂಥದಲ್ಲಿ ಆಗಲೇ ಇದೆ. ಪುಟ ತಿರುಗಿಸಿ ಮೊದಲಲ್ಲಿರುವ ಜೀವನ ಪರಿಚಯವನ್ನು ನೋಡಿ: 'ಸೇವೆಯ ಕೊನೆಯ ವರ್ಷಗಳಲ್ಲಿ ಮಾನ್ಯರು ಸ್ವಂತ ಇಚ್ಛೆಯಿಂದ ಸಮಾರಂಭ ವಿಭಾಗದ ಹೊಣೆಯನ್ನು ವಹಿಸಿಕೊಂಡರು.' ಓದುವುದಕ್ಕೆ ಚೆನ್ನಾಗಿದೆ. ಆದರೆ ಸುಳ್ಳು. ಜೀವಮಾನವಿಡೀ ಒಂದು ಸುಳ್ಳು ಸಾಲನ್ನೂ ಪುಟದ ಮೇಲೆ ಉಳಿಯಗೊಡದವರ ಗೌರವಕ್ಕೆಂದು ತಂದ ಗ್ರಂಥ ಅವರ ಬಗೆಗಿನ ಸುಳ್ಳು ಸಾಲಿನಿಂದಲೇ ಶುರುವಾಗುವುದನ್ನು ನೋಡಿಯೂ ನಾನು ಬಾಯಿ ಮುಚ್ಚಿಕೊಂಡಿದ್ದರೆ, ಅವರ ಕೈಕೆಳಗೆ ಕಲಿತದ್ದೆಲ್ಲ ನೀರಿನಲ್ಲಿ ಮಾಡಿದ ಹೋಮವಾಗುತ್ತದೆ. ಆದ್ದರಿಂದ ಈ ಲೇಖನಕ್ಕೆ ಅಭಿನಂದನೆಯ ಜೊತೆಗೆ ಇನ್ನೊಂದು ಕೆಲಸವಿದೆ: ಆ ಸಾಲನ್ನು ತಿದ್ದುವುದು.

ಮೇಡಂ ಕೇಂದ್ರಕ್ಕೆ ಕಿರಿಯ ಸಹಾಯಕಿಯಾಗಿ ಬಂದ ಕಾಲಕ್ಕೆ ಮಾಹಿತಿಯೆಂದರೆ ಸೈಕ್ಲೋಸ್ಟೈಲ್ ಮಾಡಿದ ಹಾಳೆ. ಕೌಂಟರಿನ ಆಚೆ ಜನ, ಈಚೆ ಹಾಳೆಗಳ ಕಟ್ಟು. ಕೇಳಿದವರ ಕೈಗೆ ಒಂದು ಹಾಳೆ ತುರುಕಿ 'ಮುಂದಿನವರು ಬನ್ನಿ' ಎನ್ನುವುದು ಅಂದಿನ ರೂಢಿ. ಹೊಸದಾಗಿ ಬಂದ ಈ ಹುಡುಗಿ ಮಾತ್ರ ಹಾಳೆ ಕೊಡುವ ಮುನ್ನ 'ಸ್ವಲ್ಪ ಇರಿ' ಎಂದು ಮೇಜಿನ ಮೇಲಿನ ಕಪ್ಪು ಫೋನಿನತ್ತ ಕೈ ಚಾಚುತ್ತಿದ್ದರಂತೆ. ರಾಯಭಾರ ಕಚೇರಿಗೆ ಫೋನ್ ಹಚ್ಚಿ, ನಮ್ಮ ಹಾಳೆಯಲ್ಲಿ ಹೀಗಿದೆ, ಇವತ್ತೂ ಹೀಗೇ ಇದೆಯೇ ಎಂದು ಕೇಳಿ, ಹೌದೆಂದರೆ ಮಾತ್ರ ಹಾಳೆ ಕೈ ಬದಲಾಗುತ್ತಿತ್ತು. ಸಾಲು ಬೆಳೆದು ಬಾಗಿಲಾಚೆ ಹೋಗುತ್ತಿತ್ತು. ಆಗಿನ ಹಿರಿಯ ಗುಮಾಸ್ತರು ತಲೆ ಚಚ್ಚಿಕೊಂಡು, "ಏನಮ್ಮಾ, ಸೂರ್ಯ ಹುಟ್ಟಿದ್ದಾನಾ ಇಲ್ವಾ ಅಂತಾನೂ ಫೋನ್ ಮಾಡಿ ಕೇಳ್ತೀಯಾ?" ಎಂದು ಗೇಲಿ ಮಾಡಿದರೆ, "ನಂಬರ್ ಇದ್ದಿದ್ರೆ ಕೇಳ್ತಿದ್ದೆ ಸಾರ್" ಎಂಬ ಉತ್ತರ ಬಂತಂತೆ. ಆ ಗುಮಾಸ್ತರು ಈಗ ಮೊಮ್ಮಕ್ಕಳೊಂದಿಗೆ ಇದ್ದಾರೆ; ಇದನ್ನು ನನಗೆ ಹೇಳುವಾಗಲೂ ನಗು ತಡೆಯಲಾರದೆ ಕೆಮ್ಮಿದರು.

ಹಾಳೆಗಳ ಕಾಲ ಮುಗಿದು ಜಾಲತಾಣದ ಕಾಲ ಬಂದಾಗ ವಿಭಾಗದ ಹೊಣೆ ಮೇಡಂ ಅವರ ಪಾಲಿಗೆ ಬಂತು. ಅವರು ಮಾಡಿದ ಮೊದಲ ಕೆಲಸ, ಪ್ರತಿ ಪುಟದ ಬುಡದಲ್ಲಿ ಒಂದು ಸಾಲು ಹಾಕಿಸಿದ್ದು: ಕೇಳಿದ್ದು ಯಾರು, ಹೇಳಿದ್ದು ಯಾರು, ಯಾವ ದಿನ. 'ಕೇಳಿದ್ದು: ಮಾಹಿತಿ ವಿಭಾಗ, ಕಿಟಕಿ ಪಕ್ಕದ ಮೇಜು. ಹೇಳಿದ್ದು: ರಾಯಭಾರ ಕಚೇರಿಯ ವೀಸಾ ಕಿಟಕಿ' ಎಂದು ಬರೆದು ತಾರೀಖು ಹಾಕುವುದು. ಒಂದು ತಿಂಗಳು ಯಾರೂ ಫೋನ್ ಮಾಡದೆ ಉಳಿದ ಪುಟದ ನೆತ್ತಿಯ ಮೇಲೆ, 'ಇದನ್ನು ಕೇಳಿ ತಿಂಗಳಾಯಿತು. ಹೊರಡುವ ಮುನ್ನ ನೀವೇ ಒಮ್ಮೆ ವಿಚಾರಿಸಿ' ಎಂದು ತಾವೇ ಬರೆಸಿದರು. ನಮ್ಮ ಅಂಗಡಿಗೆ ನಾವೇ ಬೀಗ ಜಡಿದಂತಾಯಿತಲ್ಲ ಎಂದು ಮೇಲಿನವರು ಮೂಗು ಮುರಿದರು. ಇನ್ನೂ ದೊಡ್ಡ ಜಗಳ ನಡೆದದ್ದು ಜಾಲತಾಣಗಳೆಲ್ಲ ಕಾಲಬುಡದಲ್ಲಿ ಬಚ್ಚಿಟ್ಟುಕೊಂಡಿರುವ ಆ ಸಣ್ಣಕ್ಷರದ ಸಾಲಿನ ಬಗ್ಗೆ, 'ಈ ಮಾಹಿತಿಗೆ ಸಂಸ್ಥೆ ಜವಾಬ್ದಾರಿಯಲ್ಲ' ಎಂಬುದರ ಬಗ್ಗೆ. "ಜವಾಬ್ದಾರಿ ಇಲ್ಲ ಅಂದ್ಮೇಲೆ ಬರೆಯೋದಾದ್ರೂ ಯಾಕ್ರೀ? ಸುಮ್ನೆ ಮನೇಲಿರಿ" ಎಂದು ಅವರು ಸಭೆಯಲ್ಲೇ ಕೇಳಿದರು. ಅವರಿದ್ದಷ್ಟು ಕಾಲ ಆ ಸಾಲು ನಮ್ಮ ಪುಟಗಳಿಗೆ ಕಾಲಿಡಲಿಲ್ಲ.

ಅವರ ದಯೆಯೂ ಇದೇ ಅಳತೆಯದು, ಒಂದು ಕೂದಲೆಳೆಯಷ್ಟೂ ಆಚೀಚೆ ಆಗದ್ದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಅಮ್ಮನಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ನಾನು ಆಸ್ಪತ್ರೆಯ ಹಜಾರದ ಬೆಂಚಿನ ಮೇಲೆ ಕೂತಿದ್ದೆ. ರಜೆಗೆ ಅರ್ಹತೆ ಇರಲಿಲ್ಲ. ನನ್ನ ಪಾಲಿನ ಫೋನುಗಳನ್ನೆಲ್ಲ ಮೇಡಂ ತಾವೇ ಮಾಡಿ, ಸಂಜೆ ಆಸ್ಪತ್ರೆಗೆ ಬಂದು ಅಮ್ಮನ ತಲೆದಿಂಬು ಸರಿಪಡಿಸಿ ನನ್ನ ಪಕ್ಕ ಕೂರುತ್ತಿದ್ದರು. "ನೀನು ಕೇಳದೆ ಇರೋದನ್ನ ನೀನು ಕೇಳ್ದೆ ಅಂತ ನಾನು ಬರೆಯಲ್ಲ ಕಣೇ, ಪುಟದ ಬುಡದಲ್ಲಿ ನನ್ನ ಮೇಜೇ ಇರುತ್ತೆ. ಆದ್ರೆ ನಿನ್ನ ಕೆಲಸ ಎಲ್ಲೂ ಹೋಗಲ್ಲ, ಅದಕ್ಕೆ ನಾನಿದೀನಿ" ಎಂದರು. ಮೇಲಿನವರಿಗೆ ಬರೆದು, ನನಗೆ ವಿಶೇಷ ರಜೆಯನ್ನು ಹೇಗೋ ಮಂಜೂರು ಮಾಡಿಸಿದರು. ಬೇರೆ ಯಾರಾದರೂ ಆಗಿದ್ದರೆ ನನ್ನ ಮೇಜಿನ ಹೆಸರನ್ನೇ ಹಾಕಿ ಸುಲಭವಾಗಿ ಮುಗಿಸುತ್ತಿದ್ದರು, ನಾನೂ ಕೈ ಮುಗಿಯುತ್ತಿದ್ದೆ. ಸುಳ್ಳು ಹೇಳದೆಯೂ ಒಬ್ಬರನ್ನು ಕಾಪಾಡಬಹುದು ಎಂಬುದನ್ನು ನಾನು ಆ ಬೆಂಚಿನ ಮೇಲೆ ಕಲಿತೆ.

ಮನೆಯಲ್ಲೂ ಅವರು ಹೀಗೆಯೇ. ಅವರ ಯಜಮಾನರು ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವರು. ಇಡೀ ಊರು ಅವರ ಮಾತಿಗೆ ಗಡಿಯಾರ ಸರಿ ಮಾಡಿಕೊಳ್ಳುತ್ತದೆ. "ನಮ್ಮನೇಲಿ ಮಾತ್ರ ನನ್ನ ಮಾತು ನಡೆಯಲ್ಲಮ್ಮ. ನಾನು ಎಂಟೂಕಾಲಿಗೆ ಬಸ್ಸು ಅಂದ್ರೆ ಇವಳು ಡಿಪೋಗೆ ಫೋನ್ ಮಾಡ್ತಾಳೆ. ಅಲ್ಲಿ ಫೋನ್ ಎತ್ತೋನೂ ನಾನೇ" ಎಂದು ಅವರು ನನ್ನ ಮುಂದೆ ದೂರು ಹೇಳಿದ್ದರು. ಮೇಡಂ ಅಡುಗೆಮನೆಯಿಂದಲೇ, "ಡಿಪೋದಲ್ಲಿ ಪಟ್ಟಿ ಎದುರಿಗಿರುತ್ತೆ, ಮನೇಲಿ ಇವರು ಅಂದಾಜಲ್ಲಿ ಹೇಳ್ತಾರೆ" ಎಂದು ಕೂಗಿದರು. ಅಲ್ಲೇ ಕೂತಿದ್ದ ಅವರ ಮಗಳೂ ಅಪ್ಪನೂ ಒಟ್ಟಿಗೇ ನಕ್ಕರು.

ಇನ್ನು ಛತ್ರಿಯ ವಿಚಾರ. ಬಹಳ ಜನ ಹಾಯ್ದುಹೋಗುವ ಒಂದು ನಡುವಿನ ದೇಶವಿದೆ. ಅದರ ರಾಯಭಾರ ಕಚೇರಿ ಆಗ ಒಂದು ಹಳೆಯ ಬಂಗಲೆಯಲ್ಲಿತ್ತು. ಆ ದೇಶದಲ್ಲಿ ಇಳಿದು ಉಳಿಯುವವರು ವೀಸಾಕ್ಕಾಗಿ ಬೀದಿಯಲ್ಲೇ ಸಾಲು ನಿಲ್ಲಬೇಕು. ಫೋನಿನಲ್ಲಿ ಎಲ್ಲವೂ ಸರಿಯಾಗಿಯೇ ಇದ್ದರೂ ಅಲ್ಲಿಂದ ಬಂದವರ ಮುಖ ಬಾಡಿರುವುದನ್ನು ಕಂಡು ಮೇಡಂ ಒಂದು ದಿನ ತಾವೇ ಹೋಗಿ ಸಾಲಿನಲ್ಲಿ ನಿಂತರು. ಅವರ ಮುಂದಿದ್ದ ಅಜ್ಜಿಯೊಬ್ಬರು ಬಿಸಿಲಿಗೆ ತಲೆ ಸುತ್ತಿ ಕುಸಿದರು. ಕಚೇರಿಗೆ ಮರಳಿದವರೇ ಪುಟಕ್ಕೆ ಒಂದು ಸಾಲು ಸೇರಿಸಿದರು: 'ಸಾಲು ಬಿಸಿಲಿನಲ್ಲಿ ನಿಲ್ಲುತ್ತದೆ, ದಯವಿಟ್ಟು ಛತ್ರಿ ತನ್ನಿ, ವಯಸ್ಸಾದವರು ಕಾವಲುಗಾರರಿಗೆ ಹೇಳಿದರೆ ಒಳಗೆ ಕುರ್ಚಿ ಕೊಡುತ್ತಾರೆ.' ಕುರ್ಚಿ ಕೊಡುತ್ತಾರೆಂಬುದನ್ನೂ ಕಾವಲುಗಾರನನ್ನು ಕೇಳಿ ಒಪ್ಪಿಸಿಯೇ ಬರೆದದ್ದು. ವೀಸಾ ಮಾಹಿತಿಯ ಪುಟದಲ್ಲಿ ಛತ್ರಿ ಕಂಡು ಎಷ್ಟೋ ಜನ ನಗುತ್ತ ಫೋನ್ ಮಾಡಿ ಹರಸಿದರು. ಬೇರೆ ಜಾಲತಾಣದವರು ನಗಲಿಲ್ಲ, ಹರಸಲೂ ಇಲ್ಲ. ಪುಟವನ್ನು ಛತ್ರಿಯ ಸಮೇತ ಎತ್ತಿಕೊಂಡು ಹೋಗಿ ತಮ್ಮದೆಂದು ಹಾಕಿಕೊಂಡರು. ಬುಡದ ಸಾಲನ್ನು ಮಾತ್ರ ಕತ್ತರಿಸಿದರು.

ಮುಂದೆ ಆ ರಾಯಭಾರ ಕಚೇರಿ ಲಿಫ್ಟು, ಫ್ಯಾನು, ಸಾಲು ಕುರ್ಚಿಗಳಿರುವ ಹೊಸ ಕಟ್ಟಡಕ್ಕೆ ಹೋಯಿತು. ಅದೇ ಸುಮಾರಿಗೆ ನಿಯಮವೂ ಬದಲಾಯಿತು: ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡದೆ ವಿಮಾನ ಬದಲಿಸುವವರಿಗೂ ಮುಂಚಿತವಾಗಿ ಪಡೆದ ವೀಸಾ ಕಡ್ಡಾಯ. ಮೇಡಂ ಫೋನ್ ಮಾಡಿ ಖಚಿತಪಡಿಸಿಕೊಂಡು, 'ವೀಸಾ ಬೇಡ' ಎಂಬುದನ್ನು 'ಬೇಕು' ಎಂದು ತಿದ್ದಿದರು, ವಿಳಾಸ ತಿದ್ದಿದರು, ಛತ್ರಿಯ ಸಾಲನ್ನು ಅಳಿಸಿದರು. "ಪಾಪ, ತುಂಬ ವರ್ಷ ದುಡಿದಿದೆ, ಮಡಚಿಡೋಣ" ಎಂದು ನನ್ನ ಕಡೆ ತಿರುಗಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಆಗ ಬಂದವರು ಹೊಸ ಉಪನಿರ್ದೇಶಕರು. ಅವರ ಬಾಯಲ್ಲಿ ಎರಡು ಮಾತಿಗೊಮ್ಮೆ ತಾಜಾ: ತಾಜಾ ಮಾಹಿತಿ, ತಾಜಾ ವಿನ್ಯಾಸ, ತಾಜಾ ಚಿಂತನೆ. ಕಚೇರಿಯಲ್ಲಿ ಅವರಿಗೆ ತಾಜಾ ಸಾಹೇಬರು ಎಂಬ ಹೆಸರು ಬೀಳಲು ಒಂದು ವಾರವೂ ಬೇಕಾಗಲಿಲ್ಲ. ಫೋನ್ ಮಾಡುತ್ತ ಕೂರುವುದು ಹಳೆಯ ಕಾಲದ ಸೋಮಾರಿತನವೆಂದು ಅವರಿಗೆ ಕಂಡಿತು. ಅದರ ಬದಲು ಒಂದು ತಂತ್ರಾಂಶ ತರಿಸಿ ಅದಕ್ಕೆ ತ್ರಿವಳಿ ತಾಳೆ ಎಂದು ಹೆಸರಿಟ್ಟರು. ಅದು ಪ್ರತಿದಿನ ನಮ್ಮ ಪುಟವನ್ನು ಹೊರಗಿನ ಮೂರು ದೊಡ್ಡ ಜಾಲತಾಣಗಳ ಜೊತೆ ಹೋಲಿಸಿ ನೋಡುತ್ತದೆ. ಮೂರರಲ್ಲೂ ಒಂದೇ ಇದ್ದು ನಮ್ಮದು ಬೇರೆ ಇದ್ದರೆ ನಮ್ಮದೇ ಹಳಸಿದೆ ಎಂದು ತೀರ್ಮಾನಿಸಿ, ಆ ಮೂರರಲ್ಲಿ ಇದ್ದಂತೆ ತಾನೇ ತಿದ್ದುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ 'ಇಂದು ಪರಿಶೀಲಿಸಲಾಗಿದೆ' ಎಂದು ಹಸಿರು ಗುರುತು ಹಾಕುತ್ತದೆ. ಕೇಳಿದ್ದು ಯಾರು, ಹೇಳಿದ್ದು ಯಾರು ಎಂಬ ನಮ್ಮ ಸಾಲು ಎಲ್ಲ ಪುಟಗಳಿಂದ ಮಾಯವಾಗಿ, ಆ ಜಾಗದಲ್ಲಿ ಸಣ್ಣಕ್ಷರದ 'ಜವಾಬ್ದಾರಿಯಲ್ಲ' ಬಂದು ಕೂತಿತು. ಆ ಮೂವರೂ ಯಾರನ್ನು ಕೇಳಿ ಬರೆದಿದ್ದಾರೆ ಎಂದು ಸಿಬ್ಬಂದಿ ಸಭೆಯಲ್ಲಿ ಮೇಡಂ ಎದ್ದು ನಿಂತು ಕೇಳಿದ್ದಕ್ಕೆ ಸಾಹೇಬರು, "ಮೂರು ಜನ ಒಂದೇ ಮಾತು ಹೇಳಿದ್ರೆ ಅದು ನಿಜಾನೇ ಇರುತ್ತೆ ಮೇಡಂ, ಇದು ಸಾಮಾನ್ಯ ಜ್ಞಾನ" ಎಂದರು. ಸಭೆ ಚಪ್ಪಾಳೆ ತಟ್ಟಿತು.

ಚಪ್ಪಾಳೆಯ ಫಲ ಕೆಲವೇ ತಿಂಗಳಿಗೆ ನಮ್ಮ ಕೌಂಟರಿಗೆ ಬಂದು ನಿಂತಿತು, ಒಂದು ದೊಡ್ಡ ಸೂಟ್‌ಕೇಸಿನ ಜೊತೆ. ಆಕೆ ನರ್ಸು. ದೂರದ ದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು, ಬಾಡಿಗೆ ಮನೆ ಖಾಲಿ ಮಾಡಿಯಾಗಿತ್ತು, ಪುಟ್ಟ ತಮ್ಮನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಾಗಿತ್ತು. ನಡುವಿನ ದೇಶಕ್ಕೆ ವೀಸಾ ಬೇಡವೆಂದು ನಮ್ಮ ಪುಟ ಹೇಳಿತ್ತು. ವಿಮಾನ ನಿಲ್ದಾಣದವರು ಬೇಕೇ ಬೇಕು ಎಂದು ಹೇಳಿ ಹತ್ತಗೊಡದೆ ಹಿಂದಕ್ಕೆ ಕಳಿಸಿದರು. ಆಕೆ ನಮ್ಮ ಪುಟದ ಮುದ್ರಿತ ಪ್ರತಿಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ತಂದಿದ್ದಳು. ಕೌಂಟರಿನವರು ಕೈ ತೊಳೆದುಕೊಳ್ಳಲು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ. ಕೆಳಗಿನ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದರು. ಆಕೆ ಅಳಲಿಲ್ಲ. "ಮೇಲೆ ದಪ್ಪಕ್ಕೆ ಪರಿಶೀಲಿಸಿದೀವಿ ಅಂತ ಬರ್ದಿದೀರ, ಕೆಳಗೆ ಸಣ್ಣಕ್ಕೆ ನಮ್ಗೆ ಗೊತ್ತಿಲ್ಲ ಅಂತ ಬರ್ದಿದೀರ. ನಾನು ಯಾವುದನ್ನ ನಂಬ್ಬೇಕಿತ್ತು, ಹೇಳಿ" ಎಂದು ಕೇಳಿದಳು. ಕೌಂಟರಿನವರು ಮುಂದಿನವರನ್ನು ಕರೆದರು.

ಒಳಗಿನಿಂದ ಇದನ್ನು ಕೇಳಿಸಿಕೊಂಡ ಮೇಡಂ ಎದ್ದು ಹೊರಗೆ ಬಂದು, ಸೂಟ್‌ಕೇಸನ್ನು ತಾವೇ ಎಳೆದುಕೊಂಡು ಆಕೆಯನ್ನು ಒಳಗೆ ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ನಿಂತುಕೊಂಡೇ ಆ ಪ್ರತಿಯನ್ನು ಓದತೊಡಗಿದರು. ಓದುತ್ತ ಓದುತ್ತ ಅವರ ಮುಖ ಕೆಂಪಾಯಿತು. ಹಸಿರು ಗುರುತು ಬಿದ್ದ ಆ ಪುಟದ ಕೊನೆಯಲ್ಲಿತ್ತು: 'ಸಾಲು ಬಿಸಿಲಿನಲ್ಲಿ ನಿಲ್ಲುತ್ತದೆ, ದಯವಿಟ್ಟು ಛತ್ರಿ ತನ್ನಿ.'

"ಇದು ನನ್ನ ಛತ್ರಿ" ಎಂದರು ಮೇಡಂ. "ನಾನೇ ಬಿಚ್ಚಿದ್ದು, ನಾನೇ ಮಡಚಿಟ್ಟಿದ್ದು. ಮತ್ತೆ ಬಿಚ್ಚಿದೋರು ಯಾರು?"

ಉತ್ತರ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊರಗಿನ ಆ ಮೂರೂ ಜಾಲತಾಣಗಳನ್ನು ತೆರೆದೆವು. ಮೂರರಲ್ಲೂ ಛತ್ರಿ! ವರ್ಷಗಳ ಹಿಂದೆ ನಮ್ಮಿಂದ ಕದ್ದ ಹಳೆಯ ಪುಟವನ್ನು ಮೂವರೂ ಹಾಗೆಯೇ ಇಟ್ಟುಕೊಂಡಿದ್ದರು. ಹಳೆಯ ಬಂಗಲೆ, ಹಳೆಯ ನಿಯಮ, ಬಿಸಿಲಿನ ಸಾಲು, ಎಲ್ಲವೂ ಅದರಲ್ಲಿತ್ತು. ಮೇಡಂ ಫೋನ್ ಮಾಡಿ ತಿದ್ದಿದ ನಮ್ಮ ಪುಟ ಇಡೀ ಲೋಕದಲ್ಲಿ ಸರಿಯಾಗಿದ್ದ ಒಂದೇ ಪುಟ. ಅದು ಒಂಟಿಯಾಗಿದ್ದುದರಿಂದಲೇ ತ್ರಿವಳಿ ತಾಳೆಗೆ ತಪ್ಪಾಗಿ ಕಂಡಿತು. ನಮ್ಮದೇ ಹಳಸಿದ ಪುಟದ ಮೂರು ನಕಲುಗಳು ಸೇರಿ ನಮ್ಮದೇ ಹೊಸ ಸತ್ಯವನ್ನು ಬಹುಮತದಿಂದ ಸೋಲಿಸಿದವು, ಮತ್ತು ನಾವೇ ಅದಕ್ಕೆ ಹಸಿರು ಗುರುತು ಹಾಕಿ ಒಬ್ಬ ಹೆಣ್ಣುಮಗಳ ಕೈಗೆ ಕೊಟ್ಟೆವು. ಇದನ್ನು ಬರೆಯುವಾಗ ಇಂದಿಗೂ ನನಗೆ ಮೈ ಉರಿಯುತ್ತದೆ. ಅಜ್ಞಾನದಿಂದ ಆದ ತಪ್ಪಾಗಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿದ್ದವರು ಎದ್ದು ನಿಂತು ಕೇಳಿದಾಗ ಚಪ್ಪಾಳೆ ತಟ್ಟಿ ಕೂರಿಸಿ ಮಾಡಿದ ತಪ್ಪು ಇದು.

ಮೇಡಂ ಅಲ್ಲಿಂದಲೇ ದೂರದ ಆ ಆಸ್ಪತ್ರೆಗೆ ಫೋನ್ ಹಚ್ಚಿದರು. ಅಲ್ಲಿನ ಮೇಟ್ರನ್ ಕಟುವಾಗಿಯೇ ಮಾತಾಡಿದರೂ ನ್ಯಾಯವಾಗಿ ಮಾತಾಡಿದರು: ಬರಬೇಕಾದ ದಿನ ಬಾರದವರ ಜಾಗ ಮುಂದಿನವರಿಗೆ ಹೋಗುತ್ತದೆ, ತಪ್ಪು ಆಕೆಯದಲ್ಲ ಎಂದು ತಪ್ಪು ಮಾಡಿದ ಸಂಸ್ಥೆಯೇ ಬರೆದುಕೊಟ್ಟರೆ ಮಾತ್ರ ಕಾಯಬಹುದು, ಅದೂ ನಾಳೆಯೊಳಗೆ. ಅಂದರೆ ಆ ನರ್ಸಿನ ಕೆಲಸ ಉಳಿಯುವುದಕ್ಕೆ ನಮ್ಮ ಕೇಂದ್ರ 'ತಪ್ಪು ನಮ್ಮದು' ಎಂಬ ಎರಡು ಪದ ಬರೆಯಬೇಕಿತ್ತು. ಅಷ್ಟೇ.

ಮೇಡಂ ಜೊತೆ ನಾನೂ ಉಪನಿರ್ದೇಶಕರ ಕೋಣೆಗೆ ಹೋದೆ. ತಾಜಾ ಸಾಹೇಬರು ಆ ಎರಡು ಪದ ಬರೆಯಲು ಒಪ್ಪಲಿಲ್ಲ. ವಿಷಾದ ವ್ಯಕ್ತಪಡಿಸಬಹುದಂತೆ, ಅನನುಕೂಲ ಎಂದು ಬೇಕಾದರೆ ಬರೆಯಬಹುದಂತೆ, ತಪ್ಪು ಎನ್ನುವಂತಿಲ್ಲವಂತೆ. "ಒಬ್ಬರಿಗೆ ತಪ್ಪು ಅಂತ ಬರ್ಕೊಟ್ರೆ ನಾಳೆ ಎಲ್ಲರೂ ಬಂದು ಬಾಗಿಲಲ್ಲಿ ನಿಲ್ತಾರೆ" ಎಂದರು. ಮೇಡಂ ಕಿರುಚಿದರು. (ಈ ಪದದ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.) "ನಿಲ್ಲಲಿ! ನಾವು ತಪ್ಪು ಹೇಳಿರೋ ಪ್ರತಿಯೊಬ್ಬರೂ ಬಂದು ನಿಲ್ಲಲಿ! ಬಿಸಿಲಾದ್ರೆ ಛತ್ರಿ ನಾನು ಕೊಡ್ತೀನಿ!" ಹಜಾರದಲ್ಲಿ ನೀರು ಹಿಡಿಯುತ್ತಿದ್ದವರು ಲೋಟ ತುಂಬಿ ಹರಿದರೂ ನಲ್ಲಿ ನಿಲ್ಲಿಸುವುದನ್ನು ಮರೆತು ನಿಂತಿದ್ದರು. ಮೇಡಂ ತಮ್ಮ ಮೇಜಿಗೆ ಮರಳಿ ಬಂದು, ಕೇಂದ್ರದ ಹೆಸರಿರುವ ಹಾಳೆಯ ಮೇಲೆ ಪತ್ರ ಬರೆದು, ತಪ್ಪು ನಮ್ಮದು ಎಂದು ಮೊದಲ ಸಾಲಿನಲ್ಲೇ ಹೇಳಿ, ತಮ್ಮ ಸಹಿ ಹಾಕಿ ಅಂದೇ ಕಳಿಸಿದರು. ಮರುದಿನ ನರ್ಸಿನ ಜೊತೆ ತಾವೇ ರಾಯಭಾರ ಕಚೇರಿಯ ಹೊಸ ಕಟ್ಟಡಕ್ಕೆ ಹೋಗಿ ವೀಸಾದ ಕೆಲಸ ಮುಗಿಸಿಕೊಟ್ಟರು. ಆಸ್ಪತ್ರೆಯವರು ಕಾದರು. ಆಕೆ ಹೋದಳು.

ಅದೇ ವಾರ ಮೇಡಂ ಕೈಗೆ ಎರಡು ಕಾಗದ ಬಂದವು. ಒಂದರಲ್ಲಿ ಸಂಸ್ಥೆಯ ಘನತೆಗೆ ಕುಂದು ತಂದದ್ದಕ್ಕೆ ವಿವರಣೆ ಕೇಳಲಾಗಿತ್ತು. ಇನ್ನೊಂದರಲ್ಲಿ ಅವರನ್ನು ಸಮಾರಂಭ ವಿಭಾಗಕ್ಕೆ ವರ್ಗ ಮಾಡಲಾಗಿತ್ತು. ಸಮಾರಂಭ ವಿಭಾಗವೆಂದರೆ ನೆಲಮಾಳಿಗೆಯ ಒಂದು ಕೋಣೆ. ಮಡಚುವ ಕುರ್ಚಿಗಳು, ಮೈಕಿನ ತಂತಿಗಳ ಸುರುಳಿ, ಹಿಂದಿನ ಸಮಾರಂಭಗಳ ಬ್ಯಾನರುಗಳು. ಅಲ್ಲಿ ಹೊರಗೆ ಹೋಗುವ ಫೋನೇ ಇರಲಿಲ್ಲ. ಇಷ್ಟು ವರ್ಷ ಒಬ್ಬ ಮನುಷ್ಯರ ಕೈಯಲ್ಲಿದ್ದ ಉಪಕರಣವನ್ನೇ ಹುಡುಕಿ ಕಿತ್ತುಕೊಂಡದ್ದನ್ನು ಆಡಳಿತ ಎನ್ನುವುದಾದರೆ, ಸೇಡಿಗೆ ಬೇರೆ ಪದ ಯಾಕೆ ಬೇಕು? ಮೇಡಂ ತಮ್ಮ ಸ್ವಂತ ಮೊಬೈಲಿನಿಂದಲೇ, ಸನ್ಮಾನಕ್ಕೆ ಬರುವ ಪ್ರತಿಯೊಬ್ಬರಿಗೂ ಫೋನ್ ಮಾಡಿ, ವೇದಿಕೆಯ ಮೆಟ್ಟಿಲು ಹತ್ತಲಾಗುತ್ತದೆಯೇ, ಹೂವಿನ ವಾಸನೆಗೆ ಸೀನು ಬರುತ್ತದೆಯೇ, ಬಿರುದುಗಳಲ್ಲಿ ಯಾವುದು ನಿಜ ಎಂದು ವಿಚಾರಿಸಿದರು. ಕಳೆದ ವರ್ಷ ತಾಜಾ ಸಾಹೇಬರಿಗೆ ಬಡ್ತಿ ಬಂದಾಗ ಅವರ ಹೂಗುಚ್ಛವನ್ನು ತರಿಸಿದ್ದೂ ಮೇಡಮ್ಮೇ. ಹೂವು ತಾಜಾ ಇದ್ದವು.

ಈಗ ಆ ಸಾಲಿಗೆ ಮರಳುತ್ತೇನೆ. 'ಸ್ವಂತ ಇಚ್ಛೆಯಿಂದ' ಎಂಬುದು ಎಲ್ಲಿಂದ ಬಂತೆಂದು ಸಮಿತಿಯವರನ್ನು ಕೇಳಿದೆ. ಅವರು ಸಾವಕಾಶವಾಗಿ, "ವಾರ್ಷಿಕ ವರದೀಲಿ ಹಾಗೇ ಇದೆಯಲ್ಲಮ್ಮ. ಕಚೇರಿ ಪತ್ರಿಕೇಲೂ ಇದೆ, ಜಾಲತಾಣದಲ್ಲೂ ಇದೆ. ಮೂರು ಕಡೆ ತಾಳೆ ನೋಡೇ ಹಾಕಿದ್ದು" ಎಂದರು.  ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಮೂರೂ ಅಂದಿನ ಉಪನಿರ್ದೇಶಕರ ಕೋಣೆಯಿಂದ ಹೊರಟ ಒಂದೇ ಟಿಪ್ಪಣಿಯ ನಕಲುಗಳು. ಮೇಡಂ ಅವರನ್ನು ಕೇಳಿದ್ದೀರಾ ಎಂದೆ. ಸನ್ಮಾನಿತರನ್ನೇ ಕೇಳುವುದು ಶೋಭೆಯಲ್ಲವಂತೆ. ಸಾಲು ಅಚ್ಚಿಗೆ ಹೋಗಿಯಾಗಿದೆ, ಇನ್ನು ತೆಗೆಯಲಾಗದು. ನಿಮ್ಮ ಲೇಖನದಲ್ಲಿ ಬೇಕಾದರೆ ಬರೆದುಕೊಳ್ಳಿ, ಆದರೆ ಮೃದುವಾಗಿ ಬರೆಯಿರಿ ಎಂದರು. ಬರೆದಿದ್ದೇನೆ. ಮೃದುವಾಗಿ ಬರೆಯಲು ಬರಲಿಲ್ಲ.

ನಾನು ಮಾತ್ರ ಶೋಭೆಯ ಗೊಡವೆಗೆ ಹೋಗದೆ, ಕಲಿತ ಪಾಠದಂತೆ ಎಲ್ಲರಿಗೂ ಫೋನ್ ಮಾಡಿದೆ. ದೂರದ ಆಸ್ಪತ್ರೆಯಲ್ಲಿರುವ ಆ ನರ್ಸು ಕೆಲಸದ ನಡುವೆ ಸಿಕ್ಕಳು. ತಮ್ಮನನ್ನೂ ಈಗ ಅಲ್ಲಿಗೇ ಕರೆಸಿಕೊಂಡಿದ್ದಾಳೆ. "ಇಲ್ಲಿ ಪೇಷಂಟ್ ಕೈಯಲ್ಲಿ ಪಟ್ಟಿ ಇರುತ್ತೆ, ಕಂಪ್ಯೂಟರಲ್ಲೂ ಇರುತ್ತೆ. ಆದ್ರೂ ನಾನು ಇಂಜೆಕ್ಷನ್ ಕೊಡೋ ಮುಂಚೆ ಬಾಯ್ಬಿಟ್ಟು ಅವರನ್ನೇ ಕೇಳ್ತೀನಿ. ಮೇಡಂಗೆ ಹೇಳಿ" ಎಂದಳು. 

ಕೊನೆಗೆ ಮೇಡಂ ಅವರಿಗೇ ಫೋನ್ ಮಾಡಿ ಇಡೀ ಕರಡನ್ನು ಓದಿ ಹೇಳಿದೆ. ಹೊಗಳಿಕೆಯ ಜಾಗಗಳಲ್ಲೆಲ್ಲ 'ಹ್ಞೂಂ, ಮುಂದೆ' ಎಂದರು. ಅಜ್ಜಿ ಕುಸಿದ ಸಾಲಿನಲ್ಲಿ ಅವರನ್ನು ಮೊದಲು ಹಿಡಿದುಕೊಂಡದ್ದು ತಾವಲ್ಲ, ಕಾವಲುಗಾರ ಎಂದು ತಿದ್ದಿದರು; ಆ ವಾಕ್ಯವನ್ನು ತೆಗೆದಿದ್ದೇನೆ. ಉಪನಿರ್ದೇಶಕರ ಕೋಣೆಯ ಪ್ರಸಂಗದಲ್ಲಿ ನಾನು 'ಮೇಡಂ ಶಾಂತವಾಗಿ ಉತ್ತರಿಸಿದರು' ಎಂದು ಬರೆದಿದ್ದೆ. ಅಭಿನಂದನ ಗ್ರಂಥಗಳಲ್ಲಿ ಎಲ್ಲರೂ ಶಾಂತವಾಗಿಯೇ ಉತ್ತರಿಸುವುದಲ್ಲವೇ? ಅವರು ಅಲ್ಲೇ ತಡೆದರು. "ಶಾಂತವಾಗಿ ಅಂತ ಯಾಕೆ ಬರ್ದೆ? ನೀನೂ ಅಲ್ಲೇ ಇದ್ದೆಯಲ್ಲ. ಕಿರುಚಿದೆ ಕಣೇ. ಕಿರುಚಿದೆ ಅಂತಾನೇ ಬರಿ." ನಾನು ತಿದ್ದಿದೆ. ತಿದ್ದಿದ ಸಾಲನ್ನು ಇನ್ನೊಮ್ಮೆ ಓದಿಸಿ ಕೇಳಿದ ಮೇಲೆಯೇ ಮುಂದಕ್ಕೆ ಬಿಟ್ಟರು.

ತ್ರಿವಳಿ ತಾಳೆ ಇನ್ನೂ ನಮ್ಮ ಕೇಂದ್ರದಲ್ಲಿ ಓಡುತ್ತಿದೆ. ಆದರೆ ಈಗ ನಾನು ಕೂರುವ ಕಿಟಕಿ ಪಕ್ಕದ ಮೇಜಿಗೆ ಸೇರಿದ ಪುಟಗಳ ಬುಡದಲ್ಲಿ ಕೇಳಿದವರ, ಹೇಳಿದವರ ಸಾಲು ಮತ್ತೆ ಬಂದಿದೆ, ಹಾಕಿದವಳು ನಾನು. ಅದನ್ನು ತೆಗೆಯುವಂತೆ ಇದುವರೆಗೆ ಎರಡು ಟಿಪ್ಪಣಿಗಳು ಬಂದಿವೆ. ನೆಲಮಾಳಿಗೆಯ ಕೋಣೆ ಈ ತಿಂಗಳು ಖಾಲಿಯಾಗುತ್ತದೆಂಬುದು ನನಗೆ ಗೊತ್ತು. ನನ್ನನ್ನು ಅಲ್ಲಿಗೆ ಕಳಿಸುವುದಾದರೆ ಸ್ವಂತ ಇಚ್ಛೆಯಿಂದ ಹೋದೆನೆಂದು ದಯವಿಟ್ಟು ಯಾರೂ ಬರೆಯಬೇಡಿ. ಮೇಡಂ ಅವರಿಗೆ ದೀರ್ಘಾಯುಷ್ಯವಿರಲಿ, ಆರೋಗ್ಯವಿರಲಿ, ಯಜಮಾನರ ಬಸ್ಸಿನ ವೇಳೆಗಳು ಅಂದಾಜಿನಲ್ಲಾದರೂ ಸರಿಬರಲಿ. ಅವರ ಸಿಟ್ಟು ಸ್ವಲ್ಪವೂ ಆರದಿರಲಿ. ನಮಗೆ ಅದು ಬೇಕು. ಅವರ ಶಿಷ್ಯೆಯಾಗಿ ಈ ಲೇಖನವನ್ನು ಅವರ ಪದ್ಧತಿಯಲ್ಲೇ ಮುಗಿಸುತ್ತೇನೆ.

ಸೂರ್ಯ ಹುಟ್ಟಿದ ಮಾತು. ಕೇಳಿದ್ದು: ಮಾಹಿತಿ ವಿಭಾಗ, ಕಿಟಕಿ ಪಕ್ಕದ ಮೇಜು. ಹೇಳಿದ್ದು: ನಿವೃತ್ತ ಹಿರಿಯ ಗುಮಾಸ್ತರು.

ಆಸ್ಪತ್ರೆಯವರು ಕಾದದ್ದು. ಕೇಳಿದ್ದು: ಅದೇ ಮೇಜು. ಹೇಳಿದ್ದು: ನರ್ಸು.

ತಪ್ಪು ಎಂದು ಬರೆಯಬಾರದೆಂದದ್ದು. ಕೇಳಿದ್ದು: ಅದೇ ಮೇಜು. ಅಂದಿನ ಉಪನಿರ್ದೇಶಕರು ಫೋನ್ ಎತ್ತಲಿಲ್ಲ. ಓದುಗರು ನಂಬುವ ಮುನ್ನ ತಾವೇ ಒಮ್ಮೆ ವಿಚಾರಿಸಿ.

ಸಮಾರಂಭ ವಿಭಾಗಕ್ಕೆ ಸ್ವಂತ ಇಚ್ಛೆಯಿಂದ ಹೋದದ್ದು. ಕೇಳಿದ್ದು: ಅದೇ ಮೇಜು. ಹೇಳಿದ್ದು: ಸ್ವತಃ ಮೇಡಂ. ಉತ್ತರ: "ನನ್ನ ಇಚ್ಛೆ ಏನು ಅಂತ ಇವತ್ತಿನವರೆಗೂ ಯಾರೂ ಕೇಳಿರ್ಲಿಲ್ಲ. ನೀನೇ ಮೊದಲು."